ಹುಳುಪಾತಿಯಲ್ಲಿ ಚೆಂಡುಹೂ

"ಗುರುಗಳೇ, ಬಡಿಗ ಮೌನೇಶಪ್ಪನಿಗೆ ಇನ್ನು ಮೇಲೆ ಸೋಮವಾರದ ಸಭೆಗೆ ಬರಬೇಡ ಎಂದು ಹೇಳಿಬಿಡಲೇ?" ಎಂದು ಶಿಷ್ಯ ಕೇಳಿದ.

ಶಿಷ್ಯನ ಹೆಸರು ಚನ್ನಮಲ್ಲ. ಅವನು ಮಠಕ್ಕೆ ಬಂದು ಒಂಬತ್ತು ವರ್ಷವಾಗಿತ್ತು. ಎಂಟು ತಿಂಗಳಿಂದ ಸೋಮವಾರದ ಪ್ರವಚನವನ್ನು ಗುರುಗಳು ಅವನಿಗೆ ವಹಿಸಿದ್ದರು. ಜನ ಬರುತ್ತಿದ್ದರು, ಕೇಳುತ್ತಿದ್ದರು, ತಲೆದೂಗಿ ಮನೆಗೆ ಹೋಗುತ್ತಿದ್ದರು. ಮೌನೇಶಪ್ಪ ಮಾತ್ರ ಪ್ರವಚನ ಮುಗಿದ ಕೂಡಲೇ ಎದ್ದು ನಿಂತು ಏನಾದರೊಂದು ಕೇಳುತ್ತಿದ್ದ. ಹಿಂದಿನ ದಿನ ಅವನು ಎಲ್ಲರ ಎದುರು ಹೀಗೆ ಕೇಳಿದ್ದ:

"ಅಪ್ಪಾರ, ಎಂಟು ತಿಂಗಳಿಂದ ಸಿಟ್ಟು ಬಿಡ್ರಿ, ಸಿಟ್ಟು ಬಿಡ್ರಿ ಅಂತ ಹೇಳಾಕತ್ತೀರಿ. ಈ ಊರಾಗ ಯಾರ ಮನಿಯಾಗ ಯಾವ ಜಗಳ ನಿಂತೈತಿ? ಒಂದ ಒಂದು ಮನಿ ಹೆಸರು ಹೇಳ್ರಿ, ನಾ ಸುಮ್ಮನ ಕುಂದರತೀನಿ."

ಚನ್ನಮಲ್ಲನಿಗೆ ಒಂದು ಮನೆಯ ಹೆಸರೂ ಹೊಳೆದಿರಲಿಲ್ಲ. ಸಭೆಯಲ್ಲಿ ಕೆಲವರು ನಕ್ಕಿದ್ದರು.

"ಅವನು ಕಲಿಯಲು ಬರುವುದಿಲ್ಲ, ಕೆಡಿಸಲು ಬರುತ್ತಾನೆ," ಎಂದ ಚನ್ನಮಲ್ಲ. ಅವನ ಧ್ವನಿಯಲ್ಲಿ ಕೋಪವಿತ್ತು. "ಸಭೆ ಶಾಂತವಾಗಿ ನಡೆಯಬೇಕಲ್ಲವೇ? ಅವನೊಬ್ಬ ಇಲ್ಲದಿದ್ದರೆ ಎಲ್ಲವೂ ಚೆನ್ನಾಗಿರುತ್ತದೆ."

ಗುರುಗಳು ಅವನನ್ನು ಕೂರಿಸಿ ಒಂದು ಕತೆ ಹೇಳಿದರು. ಆ ಕತೆ ಇದು.

ಒಂದು ಬಯಲು ನಾಡಿನಲ್ಲಿ ಪೇರಲ ತೋಟಗಳಿದ್ದವು. ತೋಟಗಳಿಗೆ ಒಂದು ರೋಗ ಹತ್ತಿತು. ಗಿಡ ಮೂರು ವರ್ಷ ಚೆನ್ನಾಗಿ ಬೆಳೆಯುತ್ತಿತ್ತು. ಆಮೇಲೆ ಎಲೆ ತಾಮ್ರದ ಬಣ್ಣಕ್ಕೆ ತಿರುಗುತ್ತಿತ್ತು, ಕಾಯಿ ಗೋಲಿಯಷ್ಟಾಗಿ ನಿಲ್ಲುತ್ತಿತ್ತು, ಗಿಡ ನಿಂತಲ್ಲೇ ಒಣಗುತ್ತಿತ್ತು. ಅಗೆದು ನೋಡಿದರೆ ಬೇರಿನ ತುಂಬ ಗಂಟು. ಹಸಿ ಶುಂಠಿಯ ಗೆಡ್ಡೆಯ ಹಾಗೆ, ಒಂದರ ಮೇಲೊಂದು ಗಂಟು. ಆ ಗಂಟುಗಳ ಒಳಗೆ ಹುಳು ಇರುತ್ತದೆ. ಅದು ಕಣ್ಣಿಗೆ ಕಾಣುವಂಥದ್ದಲ್ಲ. ಬೇರಿನೊಳಗೆ ಹೊಕ್ಕು, ಗಿಡ ಕುಡಿಯಬೇಕಾದ ನೀರನ್ನೂ ಸಾರವನ್ನೂ ತಾನೇ ಕುಡಿಯುತ್ತದೆ. ಔಷಧ ಸುರಿದರೆ ಒಂದಿಷ್ಟು ದಿನ ಅಡಗುತ್ತದೆ, ಮತ್ತೆ ಬರುತ್ತದೆ. ಮಣ್ಣನ್ನು ಬದಲಾಯಿಸಲು ಯಾರಿಂದಲೂ ಆಗುವುದಿಲ್ಲ. ಹಾಗಾಗಿ ಬೇರನ್ನೇ ಬದಲಾಯಿಸಬೇಕು.

ಬೇರನ್ನು ಬದಲಾಯಿಸುವುದು ಎಂದರೆ ಹೇಗೆ? ಕಸಿ ಕಟ್ಟುವವರಿಗೆ ಅದು ಗೊತ್ತು. ಹುಳುವಿನ ಬಾಧೆ ತಾಳಿಕೊಳ್ಳುವ ಒಂದು ಗಿಡದ ಬೇರು ಬೇಕು. ಅದರ ಮೇಲೆ ಒಳ್ಳೆಯ ಹಣ್ಣು ಕೊಡುವ ಗಿಡದ ಕಡ್ಡಿಯನ್ನು ಕೂಡಿಸಬೇಕು. ಕೆಳಗಿನದ್ದಕ್ಕೆ ಬೇರುಸಸಿ ಎನ್ನುತ್ತಾರೆ. ಹಣ್ಣು ಮೇಲಿನದ್ದು, ಉಳಿವು ಕೆಳಗಿನದ್ದು.

ಆ ನಾಡಿನ ಸಸ್ಯಸಂಸ್ಥೆಯಲ್ಲಿ ಒಬ್ಬ ತಳಿಗಾರನಿದ್ದ. ಅವನು ಇಂಥ ಬೇರುಸಸಿಗಾಗಿ ಹದಿನೆಂಟು ವರ್ಷ ದುಡಿದ. ಗುಡ್ಡದ ಮೇಲೆ ಒಂದು ಕಾಡುಪೇರಲ ಮರವಿತ್ತು. ಅದರ ಹಣ್ಣು ಬಾಯಿಗಿಡಲಾಗದಷ್ಟು ಹುಳಿ, ಆದರೆ ಅದರ ಬೇರಿನಲ್ಲಿ ಗಂಟು ಕಟ್ಟುತ್ತಿರಲಿಲ್ಲ. ಅವನು ಆ ಮರವನ್ನೂ ನಾಡಪೇರಲವನ್ನೂ ಕೂಡಿಸಿದ. ಅಂದರೆ ಒಂದರ ಹೂವಿನ ಪರಾಗವನ್ನು ಇನ್ನೊಂದರ ಹೂವಿಗೆ ಕೈಯಿಂದಲೇ ಮುಟ್ಟಿಸಿ, ಆ ಹೂವಿಗೆ ಚೀಲ ಕಟ್ಟಿ, ಕಾಯಿ ಹಣ್ಣಾಗುವವರೆಗೆ ಕಾದ. ಎಷ್ಟೋ ವರ್ಷ ಹೂವು ಉದುರಿತು. ಕಚ್ಚಿದ ಕಾಯಿಯಲ್ಲಿ ಬೀಜ ಜೊಳ್ಳಾಯಿತು. ಕೊನೆಗೆ ಮೊಳೆತದ್ದು ಮುನ್ನೂರಹನ್ನೆರಡು ಸಸಿ. ಅಷ್ಟರಲ್ಲಿ ಗುಡ್ಡವನ್ನು ಕಲ್ಲಿಗಾಗಿ ಸೀಳಿದರು, ಕಾಡುಪೇರಲ ಮರ ಹೋಯಿತು. ಇನ್ನು ಅಂಥ ಬೀಜ ಸಿಗುವುದಿಲ್ಲ. ಇದ್ದದ್ದು ಆ ಮುನ್ನೂರಹನ್ನೆರಡೇ.

ಒಂದೇ ತಂದೆತಾಯಿಯ ಮಕ್ಕಳೆಲ್ಲ ಒಂದೇ ಗುಣದವರಲ್ಲ. ಸಸಿಗಳೂ ಹಾಗೆ. ಕೆಲವಕ್ಕೆ ಕಾಡುಮರದ ಬೇರು ಬಂದಿರುತ್ತದೆ, ಹೆಚ್ಚಿನವಕ್ಕೆ ಬಂದಿರುವುದಿಲ್ಲ. ಎಲೆ ನೋಡಿ ಅದು ತಿಳಿಯುವುದಿಲ್ಲ, ಕಾಂಡ ನೋಡಿಯೂ ತಿಳಿಯುವುದಿಲ್ಲ. ಅದಕ್ಕಾಗಿಯೇ ತಳಿಗಾರ ಸಂಸ್ಥೆಯ ಹಿಂಭಾಗದಲ್ಲಿ ಒಂದು ಉದ್ದನೆಯ ಪಾತಿ ಮಾಡಿಸಿದ್ದ. ಸತ್ತ ತೋಟವೊಂದರಿಂದ ಹುಳುಮಣ್ಣು ತರಿಸಿ ಅದರಲ್ಲಿ ತುಂಬಿಸಿದ್ದ. ಸಂಸ್ಥೆಯವರು ಅದನ್ನು ಹುಳುಪಾತಿ ಎಂದು ಕರೆಯುತ್ತಿದ್ದರು.

ಹುಳುಪಾತಿಯನ್ನು ನೋಡಿಕೊಳ್ಳಲು ಒಬ್ಬ ಹೆಂಗಸಿದ್ದಳು. ಅವಳ ಕೆಲಸ ವಿಚಿತ್ರವಾದದ್ದು. ಬೇರೆಯವರು ರೋಗ ಹೋಗಲಾಡಿಸುತ್ತಾರೆ. ಅವಳು ರೋಗವನ್ನು ಸಾಕಬೇಕಿತ್ತು. ಹುಳುವಿಗೆ ಬದನೆಯ ಬೇರು ಬಹಳ ಇಷ್ಟ. ಅದಕ್ಕಾಗಿ ಅವಳು ಪ್ರತಿವರ್ಷ ಪಾತಿಯ ತುಂಬ ಬದನೆ ನೆಡುತ್ತಿದ್ದಳು. ಗಿಡ ಗಂಟು ಕಟ್ಟಿಕೊಂಡ ಮೇಲೆ ಬೇರನ್ನು ಕತ್ತರಿಸಿ ಅದೇ ಮಣ್ಣಿಗೆ ಬೆರೆಸುತ್ತಿದ್ದಳು. ಹೀಗೆ ಹುಳು ಹೆಚ್ಚುತ್ತಿತ್ತು. ಆ ಪಾತಿಯ ಗುದ್ದಲಿಗೆ ಕೆಂಪು ಬಟ್ಟೆ ಕಟ್ಟಿರುತ್ತಿತ್ತು, ಅದನ್ನು ಬೇರೆ ಕಡೆ ಬಳಸುವಂತಿರಲಿಲ್ಲ. ಪಾತಿಯಿಂದ ಹೊರಗೆ ಬರುವಾಗ ಅವಳು ಕಾಲನ್ನು ಮೂರು ಸಲ ತೊಳೆಯುತ್ತಿದ್ದಳು. ಒಂದು ಹಿಡಿ ಮಣ್ಣೂ ಆಚೆ ಹೋಗಬಾರದು, ಹೋದರೆ ಹುಳು ಹೋದಂತೆ. ಹನ್ನೆರಡು ವರ್ಷ ಅವಳು ಇದನ್ನು ತಪ್ಪದೆ ಮಾಡಿದಳು. ಉಳಿದ ಕೆಲಸಗಾರರು "ಏನವ್ವಾ, ನಿನ್ನ ಮಕ್ಕಳು ಉಂಡ್ವಾ?" ಎಂದು ಚುಡಾಯಿಸುತ್ತಿದ್ದರು. "ಉಂಡು ಮಲಗ್ಯಾವ. ನೀ ಒದರಬ್ಯಾಡ, ಎದ್ದಾವು" ಎಂದು ಅವಳು ಅನ್ನುತ್ತಿದ್ದಳು.

ಮುನ್ನೂರಹನ್ನೆರಡು ಸಸಿಗಳು ಇನ್ನೂ ಕುಂಡದಲ್ಲಿರುವಾಗಲೇ ತಳಿಗಾರ ತೀರಿಕೊಂಡ. ಸಂಸ್ಥೆಗೆ ಹೊಸ ಮುಖ್ಯಸ್ಥ ಬಂದ.

ಮುಖ್ಯಸ್ಥ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಬೇಕು, ಯಾಕೆಂದರೆ ಕೆಟ್ಟವನಾಗಿದ್ದರೆ ಈ ಕತೆಯಲ್ಲಿ ಕಲಿಯುವುದಕ್ಕೆ ಏನೂ ಇರುತ್ತಿರಲಿಲ್ಲ. ಅವನು ಬೆಳಗ್ಗೆ ಎಲ್ಲರಿಗಿಂತ ಮೊದಲು ಬರುತ್ತಿದ್ದ, ಎಲ್ಲವೂ ಅಚ್ಚುಕಟ್ಟಾಗಿರಬೇಕು ಎನ್ನುತ್ತಿದ್ದ. ಸಂಸ್ಥೆಯನ್ನು ಸುತ್ತು ಹಾಕುವಾಗ ಹುಳುಪಾತಿ ಅವನ ಕಣ್ಣಿಗೆ ಬಿತ್ತು. ಬಾಡಿದ ಬದನೆ ಗಿಡ, ಹಳದಿ ಎಲೆ, ಕೊಳೆತ ಬೇರು. ಅವನಿಗೆ ಅಸಹ್ಯವಾಯಿತು. ಐದು ತಿಂಗಳಿಗೆ ಸಂಸ್ಥೆಯ ಹಬ್ಬವಿತ್ತು, ದೊಡ್ಡವರು ಬರುವವರಿದ್ದರು. ಬದನೆ ಕೀಳಿಸಿ ಪಾತಿಯ ತುಂಬ ಚೆಂಡುಹೂ ಹಾಕಿರಿ, ನೋಡಲೂ ಚೆಂದ, ತೋರಣಕ್ಕೂ ಆಗುತ್ತದೆ ಎಂದು ಅಪ್ಪಣೆ ಮಾಡಿದ.

ಹೆಂಗಸು ಓಡಿಬಂದಳು. "ಸಾಹೇಬ್ರ, ಬ್ಯಾಡ್ರಿ. ಚೆಂಡುಹೂವಿನ ಬೇರು ಈ ಹುಳಕ್ಕ ವಿಷ ಇದ್ದಂಗ. ಒಂದು ಪೀಕು ಹಾಕಿದ್ರ ಪಾತ್ಯಾಗ ಒಂದೂ ಉಳಿಯಂಗಿಲ್ಲ."

ಮುಖ್ಯಸ್ಥ ನಕ್ಕ. "ಒಳ್ಳೆಯದೇ ಆಯಿತಲ್ಲಮ್ಮ! ಹುಳು ಸತ್ತರೆ ನಿನಗೇನು ದುಃಖ?"

ಸುತ್ತ ಇದ್ದವರೂ ನಕ್ಕರು. ಅವಳು ಹನ್ನೆರಡು ವರ್ಷ ಕಾಲು ತೊಳೆದದ್ದು, ಗುದ್ದಲಿ ಬೇರೆ ಇಟ್ಟದ್ದು, ಎಲ್ಲವೂ ಒಂದು ನಗುವಿನಲ್ಲಿ ಹೋಯಿತು.

ಚೆಂಡುಹೂ ಬೆಳೆಯಿತು. ಪಾತಿ ಬಂಗಾರದ ಬಣ್ಣಕ್ಕೆ ತಿರುಗಿತು. ಹಬ್ಬವೂ ಆಯಿತು, ದೊಡ್ಡವರು ಪಾತಿಯ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಅದಾದ ಮೇಲೆ ಹೂವಿನ ಗಿಡ ಕಿತ್ತು, ಮುನ್ನೂರಹನ್ನೆರಡು ಸಸಿಗಳನ್ನು ಅದೇ ಪಾತಿಯಲ್ಲಿ ನೆಟ್ಟರು. ಪದ್ಧತಿಯಂತೆ ಹತ್ತು ಸಸಿಗೊಂದು ಬದನೆಯನ್ನೂ ನೆಟ್ಟರು. ಬದನೆಯನ್ನು ಯಾಕೆ ನೆಡುತ್ತಾರೆ ಎಂಬುದನ್ನು ಮುಖ್ಯಸ್ಥ ಯಾರನ್ನೂ ಕೇಳಲಿಲ್ಲ. ಹಿಂದಿನಿಂದ ನೆಡುತ್ತಿದ್ದಾರೆ, ನೆಡಲಿ ಎಂದುಕೊಂಡ. ಅದರ ಕಾರಣ ಸರಳ. ಬದನೆಯ ಬೇರು ಗಂಟು ಕಟ್ಟಿದರೆ ಮಣ್ಣಿನಲ್ಲಿ ಹುಳು ಇದೆ ಎಂದು ಅರ್ಥ. ಆಗ ಪಕ್ಕದ ಸಸಿಯ ಬೇರು ಬಿಳಿಯಾಗಿದ್ದರೆ ಅದು ನಿಜವಾಗಿ ತಾಳಿಕೊಂಡಿದೆ ಎಂದು ಅರ್ಥ. ಬದನೆಯೇ ಗಂಟು ಕಟ್ಟದಿದ್ದರೆ ಪರೀಕ್ಷೆ ನಡೆದೇ ಇಲ್ಲ.

ಎಂಟು ತಿಂಗಳಾದ ಮೇಲೆ ಬೇರು ನೋಡುವ ದಿನ ಬಂತು. ಮುಖ್ಯಸ್ಥ ಶಾಮಿಯಾನ ಹಾಕಿಸಿದ. ದೊಡ್ಡವರನ್ನು ಕರೆದ, ತೋಟದವರನ್ನೂ ಕರೆದ. ಒಂದೊಂದೇ ಸಸಿ ಕಿತ್ತು, ನೀರಿನ ತೊಟ್ಟಿಯಲ್ಲಿ ಬೇರು ತೊಳೆದು, ಮೇಲೆತ್ತಿ ತೋರಿಸಿದರು. ಮೊದಲನೆಯದರಲ್ಲಿ ಗಂಟಿಲ್ಲ. ಎರಡನೆಯದರಲ್ಲಿ ಗಂಟಿಲ್ಲ. ನೂರನೆಯದರಲ್ಲೂ ಇಲ್ಲ. ಮುನ್ನೂರಹನ್ನೆರಡರಲ್ಲಿ ಒಂದರಲ್ಲೂ ಒಂದು ಗಂಟೂ ಇಲ್ಲ.

ಜನ ಚಪ್ಪಾಳೆ ತಟ್ಟಿದರು. ಮುಖ್ಯಸ್ಥನ ಕೊರಳಿಗೆ ಹಾರ ಬಿತ್ತು.

ಆಗ ಆ ಹೆಂಗಸು ಪಾತಿಗೆ ಇಳಿದಳು. ಒಂದು ಬದನೆ ಗಿಡವನ್ನು ಬುಡ ಸಮೇತ ಕಿತ್ತಳು. ತೊಳೆದಳು. ತಂದು ದೊಡ್ಡವರ ಮುಂದಿನ ಮೇಜಿನ ಮೇಲೆ ಇಟ್ಟಳು. ಅದರ ಬೇರೂ ಬೆಳ್ಳಗಿತ್ತು.

"ಸಾಹೇಬ್ರ, ಬದನಿ ಗಿಡಾನೂ ಪಾಸ್ ಆಗೈತಿ ನೋಡ್ರಿ. ಇದಕ್ಕೂ ಒಂದು ಹಾರ ಹಾಕ್ರಿ."

ಸಭೆ ಗೊಳ್ಳೆಂದು ನಕ್ಕಿತು. ಅತಿಥಿಗಳಲ್ಲಿ ಒಬ್ಬರು, "ಎಣ್ಣೆಗಾಯಿ ಮಾಡಿಸೋಣ ಬಿಡಮ್ಮ" ಎಂದರು. ಮತ್ತೆ ನಗು. ಅವಳು ನಗಲಿಲ್ಲ. ಅವಳ ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ನಗಬ್ಯಾಡ್ರಿ. ಇದು ಹುಳಕ್ಕ ಮೊದಲ ತುತ್ತು. ಇದರಾಗ ಗಂಟು ಇಲ್ಲಂದ್ರ ಮಣ್ಣಾಗ ಹುಳಾನ ಇಲ್ಲ. ಸಸಿಗೋಳನ್ನ ತಿರುಗಿ ಹುಳಾ ಇರೋ ಮಣ್ಣಾಗ ಹಚ್ಚೋಣ್ರಿ. ಎಂಟು ತಿಂಗಳು ಅಷ್ಟ. ಕೈಮುಗಿದು ಕೇಳ್ತೀನಿ."

ಅಲ್ಲಿದ್ದ ಯಾರಿಗಾದರೂ ಅದು ಅರ್ಥವಾಗಬೇಕಿತ್ತು. ಅರ್ಥವಾಗದಷ್ಟು ಕಷ್ಟದ ಮಾತು ಅದಲ್ಲ. ಆದರೆ ಹಾರ ಹಾಕಿಯಾಗಿತ್ತು, ಚಪ್ಪಾಳೆ ಮುಗಿದಿತ್ತು. ಮುಖ್ಯಸ್ಥನ ಮುಖ ಕೆಂಪಾಯಿತು. "ಸಂಸ್ಥೆಯ ಮಣ್ಣು ಅಷ್ಟು ಚೆನ್ನಾಗಿದೆ. ಅದಕ್ಕೇ ಬದನೆಯೂ ಗಟ್ಟಿಯಾಗಿದೆ. ನೀನು ಹೋಗಿ ತೊಟ್ಟಿ ತೊಳಿ" ಎಂದ.

ಇನ್ನು ಆಯ್ಕೆ ಮಾಡಬೇಕಿತ್ತು. ಮುನ್ನೂರಹನ್ನೆರಡು ಸಸಿಯನ್ನೂ ಬೆಳೆಸಲು ಜಾಗವಿಲ್ಲ, ಹತ್ತು ಸಾಕು. ಆದರೆ ಯಾವ ಹತ್ತು? ಬೇರು ನೋಡಿ ಆರಿಸೋಣವೆಂದರೆ ಎಲ್ಲದರ ಬೇರೂ ಒಂದೇ ಥರ. ಮುಖ್ಯಸ್ಥ ಎತ್ತರವಾಗಿ ನೆಟ್ಟಗೆ ಬೆಳೆದ ಹತ್ತನ್ನು ಆರಿಸಿದ. ಹದಿನೆಂಟು ವರ್ಷ ಬೇರಿಗಾಗಿ ದುಡಿದದ್ದು. ಕೊನೆಗೆ ಕೋಲಿನಿಂದ ಎತ್ತರ ಅಳೆದು ಆರಿಸಿದರು.

ಉಳಿದ ಮುನ್ನೂರೆರಡು ಸಸಿಗಳು ಭಾಷಣ ಮುಗಿಯುವವರೆಗೆ ಬಿಸಿಲಿನಲ್ಲಿ ಬೇರು ಬಿಚ್ಚಿಕೊಂಡು ಬಿದ್ದಿದ್ದವು. ಹೆಂಗಸು ಕೈಗೆ ಸಿಕ್ಕಷ್ಟನ್ನು ಒದ್ದೆ ಗೋಣಿಯಲ್ಲಿ ಸುತ್ತಿಕೊಂಡು ಹೊರಟಳು. ಮನೆಯ ಹಿತ್ತಲಿನಲ್ಲಿ ನೆಟ್ಟುಕೊಳ್ಳಬಹುದು, ಒಂದಲ್ಲ ಒಂದು ದಿನ ಹುಳುಮಣ್ಣು ತಂದು ನೋಡಬಹುದು ಎಂಬುದು ಅವಳ ಆಸೆ. ಗೇಟಿನಲ್ಲಿ ಕಾವಲುಗಾರ ತಡೆದ. ಸಂಸ್ಥೆಯ ವಸ್ತುವನ್ನು ಹೊರಗೆ ಒಯ್ಯುವಂತಿಲ್ಲ ಎಂದ. ಒಳಗೆ ಅವು ಕಸ, ಗೇಟಿನಲ್ಲಿ ಅವು ಸಂಸ್ಥೆಯ ವಸ್ತು. ಗೋಣಿಯನ್ನು ಅವಳ ಕಣ್ಣೆದುರೇ ಗೊಬ್ಬರದ ಗುಂಡಿಗೆ ಕೊಡವಿದರು.

ಆರಿಸಿದ ಹತ್ತರಿಂದ ಕಡ್ಡಿ ಕತ್ತರಿಸಿ ಬೇರು ಬರಿಸಿದರು. ಸಾವಿರಾರು ಬೇರುಸಸಿಯಾದವು. ಅವುಗಳ ಮೇಲೆ ಸಿಹಿಪೇರಲದ ಕಸಿ ಕಟ್ಟಿದರು. ತೋಟದವರು ಸಾಲಿನಲ್ಲಿ ನಿಂತು ಒಯ್ದರು. ಅವರಲ್ಲಿ ಒಬ್ಬ ರೈತನಿದ್ದ. ಅವನು ಎರಡು ಸಲ ಪೇರಲ ತೋಟ ಮಾಡಿ, ಎರಡು ಸಲವೂ ಒಣಗಿದ ಗಿಡಗಳನ್ನು ತನ್ನ ಕೈಯಿಂದಲೇ ಕಿತ್ತುಹಾಕಿದ್ದ. ಇದು ಮೂರನೆಯದು. ಇದೂ ಹೋದರೆ ಪೇರಲದ ಸಹವಾಸ ಬಿಡುವುದು ಎಂದು ನಿಶ್ಚಯಿಸಿದ್ದ. ಅವನ ವಯಸ್ಸಿನಲ್ಲಿ ನಾಲ್ಕನೆಯ ತೋಟ ಮಾಡಲು ಆಗುತ್ತಿರಲಿಲ್ಲ.

ಹೆಂಗಸು ಅವನ ಹೊಲದವರೆಗೆ ನಡೆದು ಹೋದಳು. ಅವನು ಗುಣಿ ತೋಡುತ್ತಿದ್ದ.

"ಅಣ್ಣಾ, ಎಲ್ಲಾ ಗುಣಿ ತುಂಬಬ್ಯಾಡ. ಐದು ಗಿಡ ಹಚ್ಚು. ವರ್ಷ ಬಿಟ್ಟು ಒಂದನ್ನ ಕಿತ್ತು ಬೇರು ನೋಡು. ಆಮ್ಯಾಲ ಉಳಿದದ್ದು."

"ದೊಡ್ಡದೊಡ್ಡವರು ನೋಡಿ ಹೇಳ್ಯಾರಲ್ಲವ್ವಾ. ಮುನ್ನೂರಕ್ಕ ಮುನ್ನೂರೂ ಪಾಸ್ ಅಂತ. ನಾನೂ ಕಣ್ಣಾರೆ ನೋಡೀನಿ."

"ಬದನಿ ಗಿಡಾನೂ ನೋಡಿದ್ಯಲ್ಲ?"

ಅವನು ಗುದ್ದಲಿ ಊರಿ ನಿಂತ. "ನೀ ಬಿಡು. ಹನ್ನೆರಡು ವರ್ಷ ಹುಳಾ ಸಾಕಿದಾಕಿ. ಹುಳದ ಕಡಿಂದ ಮಾತಾಡೋದು ನಿನಗ ರೂಢಿ ಆಗೈತಿ."

ಅವಳು ಬಂದ ದಾರಿಯಲ್ಲಿ ವಾಪಸು ಹೋದಳು.

ಮೂರು ವರ್ಷ ಕಳೆದು, ಮೊದಲ ಫಸಲು ಕೈಗೆ ಬರುವ ಹೊತ್ತಿಗೆ, ಎಲೆಗಳು ತಾಮ್ರದ ಬಣ್ಣಕ್ಕೆ ತಿರುಗಿದವು. ರೈತ ಒಂದು ಗಿಡವನ್ನು ಅಗೆದ. ಇನ್ನೊಂದನ್ನು ಅಗೆದ. ಎಲ್ಲೆಲ್ಲೂ ಶುಂಠಿಯಂಥ ಬೇರು. ಅವನು ಅದರಲ್ಲಿ ಒಂದನ್ನು ಹೆಗಲ ಮೇಲೆ ಹಾಕಿಕೊಂಡು ನಡೆದು, ಸಂಸ್ಥೆಗೆ ಹೋಗಿ, ಮುಖ್ಯಸ್ಥನ ಮೇಜಿನ ಮೇಲೆ ಮಣ್ಣಿನ ಸಮೇತ ಇಳಿಸಿದ.

ಮುಖ್ಯಸ್ಥ ಕರವಸ್ತ್ರದಿಂದ ಮೇಜು ಒರೆಸುತ್ತ ಬೇರನ್ನು ನೋಡಿದ. "ನಮ್ಮ ಸಸಿಯಲ್ಲಿ ದೋಷವಿಲ್ಲ. ಮುನ್ನೂರಹನ್ನೆರಡರಲ್ಲಿ ಒಂದೂ ಸೋತಿಲ್ಲ, ದಾಖಲೆ ಇದೆ. ನಿನ್ನ ಮಣ್ಣು ಕೆಟ್ಟಿದೆ" ಎಂದ.

ರೈತನ ಕೂಗು ಹೊರಗಿನ ವರಾಂಡದವರೆಗೆ ಕೇಳಿಸಿತು.

"ಮಣ್ಣು ಕೆಟ್ಟೈತಿ ಅಂತನ ನಿಮ್ಮ ಬಾಗಿಲಿಗೆ ಬಂದಿದ್ನೆಲ್ರೀ! ಒಳ್ಳೆ ಮಣ್ಣಾಗ ಬೆಳೆಯೋ ಸಸಿ ಕೊಡಾಕ ನೀವ್ಯಾಕ ಬೇಕು? ಅದನ್ನ ನಮ್ಮಪ್ಪಾನೂ ಹಚ್ಚಿದ್ದ!"

ಮುಖ್ಯಸ್ಥ ಗಂಟೆ ಒತ್ತಿದ. ಕಾವಲುಗಾರ ಬಂದು ರೈತನನ್ನು ಹೊರಗೆ ಕರೆದೊಯ್ದ. ಬೇರನ್ನು ಯಾರೋ ಎತ್ತಿ ಕಿಟಕಿಯಿಂದಾಚೆ ಹಾಕಿದರು. ಆ ವರ್ಷ ಆ ನಾಡಿನಲ್ಲಿ ನೂರಾರು ತೋಟಗಳು ಒಣಗಿದವು. ಹುಳುಪಾತಿ ಇದ್ದ ಜಾಗದಲ್ಲಿ ಹುಲ್ಲುಹಾಸು ಬೆಳೆಸಿ ಸುತ್ತ ಬೇಲಿ ಹಾಕಿದ್ದರು.

ಗುರುಗಳು ಇಷ್ಟಕ್ಕೆ ನಿಲ್ಲಿಸಿದರು.

ಚನ್ನಮಲ್ಲನಿಗೆ ಕುಳಿತಿರಲಾಗಲಿಲ್ಲ. ಅವನು ಎದ್ದು ನಿಂತಿದ್ದ. "ಎಂಥ ಮನುಷ್ಯ ಅವನು! ಕೈಮುಗಿದು ಕೇಳಿದಳಲ್ಲ. ಎಂಟು ತಿಂಗಳು ಕಾಯಲು ಅವನಿಗೇನು ಅಡ್ಡಿ ಇತ್ತು? ಮರ ಹೋಗಿತ್ತು, ಬೀಜ ಮುಗಿದಿತ್ತು. ಇದ್ದ ಸಸಿಗಳನ್ನೂ ಗುಂಡಿಗೆ ಹಾಕಿದನಲ್ಲ!"

ಮತ್ತೆ ಅವನೇ ಕೇಳಿದ:

"ಗುರುಗಳೇ, ಆ ಮುನ್ನೂರಹನ್ನೆರಡರಲ್ಲಿ ಒಂದಾದರೂ ನಿಜವಾದ ಸಸಿ ಇದ್ದಿರಲಿಲ್ಲವೇ?"

"ಇದ್ದೇ ಇತ್ತು. ಹದಿನೆಂಟು ವರ್ಷದ ಕೆಲಸ ಪೂರ್ತಿ ಸುಳ್ಳಾಗುವುದಿಲ್ಲ."

"ಹಾಗಾದರೆ ಅದು ಯಾವುದು ಎಂದು ಅಷ್ಟು ಜನರಲ್ಲಿ ಒಬ್ಬರಿಗೂ ಹೇಳಲಾಗಲಿಲ್ಲವೇ?" ಎಂದು ಚನ್ನಮಲ್ಲ ಕೂಗಿಯೇ ಕೇಳಿದ.

"ಅದನ್ನು ಹೇಳಬಲ್ಲದ್ದು ಹುಳು ಒಂದೇ ಆಗಿತ್ತು, ಚನ್ನಮಲ್ಲ."